ಕುಡುಗೋಲಿಲ್ಲದ ಪೋರ್ಟು

ಕಣ್ಣಿಗೆ ಬಟ್ಟೆ ಕಟ್ಟಿ ನನ್ನ ಕೈಗೆ ಒಂದು ಮೆಣಸಿನಕಾಯಿ ಕೊಡಿ. ಅದು ಯಾವ ಊರಿನ ಹೊಲದ್ದು, ಯಾವ ವಾರ ಬಿಡಿಸಿದ್ದು, ಬಿಡಿಸಿದವಳು ಅವತ್ತು ಗಂಡನ ಜೊತೆ ಜಗಳವಾಡಿ ಬಂದಿದ್ದಳೋ ಇಲ್ಲವೋ, ಎಲ್ಲ ಹೇಳುತ್ತೇನೆ. ಬ್ಯಾಡಗಿಯಲ್ಲಿ ನಲವತ್ತು ವರ್ಷ ಕಾಯಿಯ ತೊಟ್ಟು ಮುರಿದ ಬೆರಳುಗಳಿವು. ನಾನು ಮುರಿದ ತೊಟ್ಟನ್ನೆಲ್ಲ ಒಂದೇ ಕಡೆ ಸುರಿದರೆ ಹಾವೇರಿಯ ಬಸ್ ಸ್ಟ್ಯಾಂಡು ಮುಚ್ಚಿಹೋಗುತ್ತದೆ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧವೆಂದು ಕೇಳಬೇಡಿ, ನನಗೂ ಈಗ ನೆನಪಿಲ್ಲ.

ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಈ ಮಾತನ್ನೇ ಹೇಳುತ್ತಿದ್ದಾಗ ಕಂಪ್ಯೂಟರ್ ಮೇಜಿನ ಕೆಳಗಿನಿಂದ ಜ್ಯೋತಿಲಕ್ಷ್ಮಿಯ ಕೈ ಹೊರಗೆ ಬಂತು.

"ಅಮ್ಮಾರ, ಕಾಯಿ ಕತಿ ಆಮ್ಯಾಲ ಹೇಳೀರಂತ. ಒಂದು ಪಿನ್ನು ಇದ್ರ ಕೊಡ್ರಿ."

"ಸೆರಗಿನ ಪಿನ್ನು ಒಂದ ಐತಿ ತಂಗಿ. ಅದನ್ನ ಕೊಟ್ರ ನನ್ನ ಮಾನ ಹೋಗ್ತೈತಿ."

"ನಿಮ್ಮ ಸೊಸಿ ಮಾನ ಉಳಸಾಕ ಬೇಕಾಗೇತ್ರಿ."

ಬಿಚ್ಚಿ ಕೊಟ್ಟೆ.

ನಿನ್ನೆ ಶುಕ್ರವಾರ ಮಧ್ಯಾಹ್ನ ಈ ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆ ತೆಗೆದಾಗ ನಾನೂರು ಚೀಲ ಕಾಯಿ ಬೂಷ್ಟು ಹಿಡಿದು ಕೂತಿತ್ತು. ಕಂಪ್ಯೂಟರು ಮಾತ್ರ ನಾಲ್ಕೂ ದಿನ ಕೋಣೆಯಲ್ಲಿ ಆರು ಡಿಗ್ರಿಯ ಆಸುಪಾಸೇ ತಂಪಿದೆ ಎಂದು ಬರೆದುಕೊಂಡಿತ್ತು.

ಆ ಕಂಪ್ಯೂಟರ್ ನೋಡಿಕೊಳ್ಳುವವಳು ನನ್ನ ಹಿರಿಸೊಸೆ ಸುಧಾರಾಣಿ. ಮೊದಲು ಅದು ನನ್ನ ಹಿರಿಮಗ ಚೇತನಕುಮಾರನ ಕುರ್ಚಿ. ಅವನು ಹೋಗಿ ಎರಡು ವರ್ಷವಾಯಿತು, ಅವನ ಕುರ್ಚಿಯಲ್ಲಿ ಅವಳು ಕೂತಳು. ನಮ್ಮ ಮನೆಯಲ್ಲಿ ಈಗ ಬರಿ ಹಣೆಗಳು ಎರಡು, ಅತ್ತೆಯದೊಂದು ಸೊಸೆಯದೊಂದು. ನಮ್ಮಿಬ್ಬರಿಂದ ಕನ್ನಡಿಗೆ ಕೆಲಸವೇ ಇಲ್ಲ.

ಮ್ಯಾನೇಜರ್ ಡಾಕಪ್ಪ ತಪ್ಪೆಲ್ಲ ಸುಧಾಳದೇ ಎಂದು ಒಂದು ಕಾಗದ ಬರೆಸಿ ಮೇಜಿನ ಮೇಲಿಟ್ಟಿದ್ದ. ಅದರ ಮೇಲೆ ಪೆನ್ನು. ಐದು ಗಂಟೆಯೊಳಗೆ ಸುಧಾ ಸಹಿ ಹಾಕಿದರೆ ಕೆಲಸವಷ್ಟೇ ಹೋಗುತ್ತದೆ. ಹಾಕದಿದ್ದರೆ ಪೊಲೀಸರು ಬರುತ್ತಾರೆ. ಚೀಲದ ಮಾಲೀಕರು ಬೆಳಗಿನಿಂದ ಗೇಟಿನಲ್ಲಿ ನಿಂತಿದ್ದರು, ಅವರಿಗೆ ಯಾರಾದರೊಬ್ಬರ ಹೆಸರು ಬೇಕಿತ್ತು. ಗೋಡೆಯ ಗಡಿಯಾರದಲ್ಲಿ ಮೂರೂವರೆ.

ಸುಧಾ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದಳು. ಪೆನ್ನನ್ನು ನೋಡುತ್ತಿರಲಿಲ್ಲ. ಪೆನ್ನು ಇರುವ ದಿಕ್ಕನ್ನೇ ನೋಡುತ್ತಿರಲಿಲ್ಲ.

ಜ್ಯೋತಿಲಕ್ಷ್ಮಿಯನ್ನು ರಾಣೆಬೆನ್ನೂರಿನಿಂದ ಕರೆಸಿದವಳು ನಾನು. ತೂಕದ ಯಂತ್ರ, ತಂಪು ಅಳೆಯುವ ಯಂತ್ರ, ಇಂಥವುಗಳಿಗೆ ಕಂಪ್ಯೂಟರಿನ ಜೊತೆ ಮಾತು ಕಲಿಸುವುದು ಅವಳ ಕಸುಬು. ಡಾಕಪ್ಪ ಬೇಡವೆನ್ನಲಿಲ್ಲ. ಕೆಟ್ಟ ವೈರು ಸಿಕ್ಕರೆ ಅದನ್ನೂ ಸುಧಾಳ ತಲೆಗೇ ಕಟ್ಟಬಹುದೆಂದು ಅವನ ಲೆಕ್ಕ.

ಜ್ಯೋತಿ ಮೇಜಿನಡಿಯಿಂದ ಎದ್ದು ಬಂದು ವೈರಿನ ಒಂದು ತುದಿಯನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಇನ್ನೊಂದು ತುದಿಯಲ್ಲಿ ಸಣ್ಣ ಮುಳ್ಳುಗಳಿದ್ದವು. ಅವುಗಳಲ್ಲಿ ಎರಡಕ್ಕೆ ನನ್ನ ಪಿನ್ನು ತಾಗಿಸಿ ಹಿಡಿದು ಕೀಲಿ ಒತ್ತಿದಳು. ಒತ್ತಿದ ಅಕ್ಷರ ಪರದೆಯ ಮೇಲೆ ಹಾಗೇ ಬಂತು.

"ನಾ ಕಳಿಸಿದ್ದು ಪಿನ್ನಿನತನಕ ಹೋಗಿ ತಿರಿಗಿ ಬರಾಕತ್ತೈತಿ. ವೈರು ಚಲೋ ಐತ್ರಿ."

"ನಮ್ಮ ಮನ್ಯಾಗ ಹೋದದ್ದು ಒಂದೂ ತಿರಿಗಿ ಬಂದಿಲ್ಲ ತಂಗಿ. ಈ ವೈರು ಯಾವ ಅಂಗಡ್ಯಾಗ ಸಿಗತೈತಿ?"

ಅವಳು ನಗಲಿಲ್ಲ. ಸುಧಾ ಕಣ್ಣು ಮುಚ್ಚಿಕೊಂಡಳು. ನನ್ನ ಬಾಯಿ ಹೀಗೇ, ಚುಚ್ಚಿದ ಮೇಲೆ ನೋಯುತ್ತದೆಂದು ಅದಕ್ಕೆ ಗೊತ್ತಾಗುತ್ತದೆ.

ಮೂರನೇ ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಒಂದು ಬಿಳಿ ಡಬ್ಬಿ ಬಡಿದಿದ್ದಾರೆ. ಒಳಗಿನ ತಂಪು ಎಷ್ಟೆಂದು ಅಳೆಯುವುದು ಅದೇ. ಆದರೆ ಅದಕ್ಕೆ ಮುಖವಿಲ್ಲ, ಅಂಕಿ ತೋರಿಸುವುದಿಲ್ಲ, ಹೇಳುವುದನ್ನೆಲ್ಲ ವೈರಿನಲ್ಲೇ ಹೇಳುತ್ತದೆ. ಜ್ಯೋತಿ ಲ್ಯಾಪ್‌ಟಾಪನ್ನು ಡಬ್ಬಿಯ ಹತ್ತಿರಕ್ಕೇ ಒಯ್ದಳು. ಮೊದಲು ಬಂದದ್ದು ಹರಿದ ಅಕ್ಷರ, ಜೇಡ ನಡೆದಾಡಿದ ಹಾಗೆ.

"ಇದೇನಿದು, ದೆವ್ವ ಹಿಡದೈತೇನು?"

"ಇಲ್ರಿ. ಅದು ಸಾವಕಾಶ ಮಾತಾಡಾಕತ್ತೈತಿ, ನಾ ಲಗೂ ಲಗೂ ಕೇಳಾಕತ್ತೇನಿ. ಎರಡೂ ಕಡೆ ಒಂದ ವೇಗ ಇರಬೇಕು." ಏನೋ ಬರೆದಳು. ಈಗ ಅಂಕಿ ನೆಟ್ಟಗೆ ಬಂದವು. "ಇಪ್ಪತ್ನಾಕು ಡಿಗ್ರಿ."

ನಾನು ಮೂರನೇ ಕೋಣೆಯ ಬಾಗಿಲಿಗೆ ಕೈಯಿಟ್ಟೆ. ನಾಲ್ಕು ದಿನದ ಬೆವರು ಒಳಗಿತ್ತು. ತಂಪಿನಲ್ಲಿದ್ದ ಕಾಯಿ ಸೆಕೆಗೆ ಬಂದರೆ ಬೆವರುತ್ತದೆ, ಬೆವರಿದರೆ ಮುಗಿಯಿತು.

"ಡಬ್ಬಿ ಖರೇ ಹೇಳಾಕತ್ತೈತಿ," ಎಂದಳು ಜ್ಯೋತಿ. "ವೈರು ಖರೇ ಒಯ್ಯಾಕತ್ತೈತಿ. ಸುಳ್ಳು ಹುಟ್ಟಿದ್ದು ಕಂಪ್ಯೂಟರಿನ್ಯಾಗ."

"ಅದನ್ನ ನಾ ಮುಂಜಾನಿಂದ ಹೇಳಾಕತ್ತೇನಿ," ಎಂದು ಡಾಕಪ್ಪ ಬಾಗಿಲಲ್ಲಿ ನಿಂತು ಹೇಳಿದ. "ಕಂಪ್ಯೂಟರ್ ಮುಂದ ಕುಂದ್ರಾಕಿ ಯಾರು? ಸುಧಾರಾಣಿ."

ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿನ ಬ್ಯಾಟರಿ ಡಬ್ಬಿ ಕೂಗತೊಡಗಿತು, ಬಾಣಂತಿ ಮನೆಯ ಕೂಸಿನ ಹಾಗೆ, ನಿಲ್ಲಿಸಿ ನಿಲ್ಲಿಸಿ.

"ಎಷ್ಟೊತ್ತು ಇರತೈತಿ ಅದು?" ಎಂದಳು ಜ್ಯೋತಿ.

"ಅರ್ಧ ತಾಸು," ಎಂದಳು ಸುಧಾ. ಆ ಮಧ್ಯಾಹ್ನ ಅವಳು ಆಡಿದ ಮೊದಲ ಮಾತು.

ಜ್ಯೋತಿ ವೈರನ್ನು ತಂದು ಮತ್ತೆ ಕಂಪ್ಯೂಟರಿಗೇ ಚುಚ್ಚಿ ಕುರ್ಚಿ ಎಳೆದು ಕೂತಳು. ಈ ಕಂಪ್ಯೂಟರು ಎಲ್ಲರ ಮನೆಯಲ್ಲಿರುವಂಥದ್ದಲ್ಲವಂತೆ, ಲಿನಕ್ಸ್ ಎಂಬ ಜಾತಿಯಂತೆ. ಚಿತ್ರಗಿತ್ರ ಇಲ್ಲ, ಕರಿ ಹಲಗೆ, ಬಿಳಿ ಅಕ್ಷರ. ನಾನು ಅವಳ ಹಿಂದೆ ನಿಂತೆ. ನನಗೆ ಓದು ಬಾರದು. ಹೆಬ್ಬೆಟ್ಟಿನ ಬದಲು ಸಹಿ ಹಾಕಲು ಚೇತನ ಕಲಿಸಿದ್ದ, ಅದರಲ್ಲೂ ಒಂದು ಒತ್ತಕ್ಷರ ಮರೆತುಹೋಗಿದೆ.

"ವೈರು ಬಂದು ಸೇರೂ ಬಾಗಲಕ್ಕ ಪೋರ್ಟು ಅಂತೀವ್ರಿ," ಎಂದು ಜ್ಯೋತಿ ಬರೆಯುತ್ತಲೇ ಹೇಳಿದಳು. "ಈಗ ಅದಕ್ಕ ಡಬ್ಬಿ ವೇಗ ಹೇಳ್ತೇನಿ." ಬರೆದಳು. ಒಂದು ಸಾಲು ಉತ್ತರ ಬಂತು. ಮತ್ತೆ ಬರೆದಳು. ಮತ್ತದೇ ಸಾಲು. ಕುರ್ಚಿ ಹಿಂದೆ ಸರಿಸಿದಳು.

"ಏನಂತೈತಿ?"

"ನೀ ಹೇಳೂ ಕೆಲಸ ನನಗ ಒಪ್ಪೂದಿಲ್ಲ ಅಂತೈತಿ. ವೇಗ ಅಂದ್ರೇನು ಅಂತ ಪೋರ್ಟಿಗೆ ಗೊತ್ತಿಲ್ಲದಂಗ."

"ಬಾಗಲಕ್ಕ ಬಾಗಲಾ ಅಂದ್ರ ನಾ ಬಾಗಲಾ ಅಲ್ಲ ಅಂತೈತೇನು?"

ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಬೇಗ ಬೇಗ ಏನೋ ಬರೆದಳು. ಪರದೆಯ ತುಂಬ ಸಾಲುಗಳು ಬಂದವು, ಒಂದರ ಕೆಳಗೊಂದು.

"ಇವೆಲ್ಲಾ ಈ ಮಷೀನಿನ ಪೋರ್ಟುಗಳು. ಇದರಾಗ ನಮ್ಮದು ಯಾವ ಸಾಲಪಾ..."

ನಾನು ಸಾಲುಗಳನ್ನು ನೋಡಿದೆ. ಓದಲು ಬಾರದವಳಿಗೆ ಅಕ್ಷರಕ್ಕಿಂತ ಆಕಾರ ಮೊದಲು ಕಾಣುತ್ತದೆ. ಸಾವಿರ ಕಾಯಿಯ ರಾಶಿಯಲ್ಲಿ ಒಂದು ಬಿಳಿಗಾಯಿ ಇದ್ದರೆ ನನ್ನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

"ತಂಗಿ, ಎಲ್ಲಾ ಸಾಲಿನ ಮುಂದೂ ಒಂದೊಂದು ಕುಡುಗೋಲು ಐತಿ ನೋಡು, ಬಗ್ಗಿದ್ದು. ಕೆಳಗಿನಿಂದ ಎರಡನೇದಕ್ಕ ಮಾತ್ರ ಇಲ್ಲ. ಅಲ್ಲಿ ಬರೇ ಒಂದು ಕಡ್ಡಿ ಅಡ್ಡ ಬಿದ್ದೈತಿ."

ಜ್ಯೋತಿ ಬೆರಳಿಟ್ಟು ನೋಡಿದಳು. ಅವಳ ಬೆರಳು ಅಲ್ಲೇ ನಿಂತಿತು.

"ಅಮ್ಮಾರ," ಎಂದಳು ಮೆಲ್ಲಗೆ, "ಅದ ನಮ್ಮ ಪೋರ್ಟು. ನೀವು ಕುಡುಗೋಲು ಅಂದದ್ದು ಇಂಗ್ಲಿಷಿನ ಸಿ ಅಕ್ಷರ ರೀ, ಅದು ಇದ್ರ ಯಂತ್ರಕ್ಕ ಹೋಗೂ ಬಾಗಲಾ. ಕಡ್ಡಿ ಇದ್ರ ಬರೇ ಒಂದು ಫೈಲು, ಬರದಿಟ್ಟ ಹಾಳಿ. ಇದು ಪೋರ್ಟ ಅಲ್ಲ. ಪೋರ್ಟಿನ ಹೆಸರು ಇಟ್ಕೊಂಡು ಕುಂತ ಹಾಳಿ."

ಡಾಕಪ್ಪ ಒಂದು ಹೆಜ್ಜೆ ಒಳಗೆ ಬಂದ. "ಕನ್ನಡದಾಗ ಹೇಳ ತಂಗೆವ್ವಾ."

"ಬಸ್ ಸ್ಟ್ಯಾಂಡಿನ್ಯಾಗ ಕಿಡಕಿಯಿಂದ ಟವಲ್ ಒಗದು ಸೀಟ್ ಹಿಡೀತಾರಲ್ರಿ, ಹಂಗ. ವೈರು ಕಿತ್ತಾಗ ಪೋರ್ಟಿನ ಹೆಸರು ಹೊಕ್ಕೈತಿ, ಸೀಟು ಖಾಲಿ ಆಕ್ಕೈತಿ. ಆ ಹೊತ್ತಿನ್ಯಾಗ ಯಾರೋ ಅದ ಹೆಸರಿಲೆ ಒಂದು ಫೈಲ್ ಮಾಡಿ ಇಟ್ಟಾರ. ವೈರು ತಿರಿಗಿ ಹಾಕಿದಾಗ ಖರೇ ಪೋರ್ಟಿಗೆ ಜಾಗಾ ಇಲ್ಲ. ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮಿ ಬಾಗಲದಾಗ ಕೇಳೇತಿ, ಉತ್ತರ ಹೇಳಿದ್ದು ಟವಲ್ಲು."

"ಯಾವಾಗ ಒಗದಾರ ಟವಲ್?" ಎಂದೆ.

"ಬರದೈತ್ರಿ. ಸೋಮವಾರ, ಹನ್ನೆರಡು ನಲವತ್ತು."

ಸೋಮವಾರ ಅಮಾವಾಸ್ಯೆ. ಇಲ್ಲಿ ಅಮಾವಾಸ್ಯೆಗೆ ಯಂತ್ರಗಳಿಗೆಲ್ಲ ಪೂಜೆ. ಮೋಟರು, ತೂಕದ ಕಲ್ಲು, ಕಂಪ್ಯೂಟರು, ಎಲ್ಲದರ ವೈರು ಕಿತ್ತು, ಕಂಪ್ಯೂಟರಿನದಾದರೆ ಈ ಪೋರ್ಟಿನ ವೈರನ್ನಷ್ಟೇ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆಯುತ್ತಾರೆ. ಲಿನಕ್ಸಿಗೂ ಕುಂಕುಮ. ಊರಲ್ಲಿ ಕುಂಕುಮ ಬೇಡವೆನಿಸಿಕೊಂಡವರು ನಾವಿಬ್ಬರೇ.

"ಡಾಕಪ್ಪಣ್ಣ," ಎಂದೆ, "ಸೋಮವಾರ ಪೂಜಿಗೆ ಈ ಕೋಣ್ಯಾಗ ಯಾರಿದ್ರು?"

"ನಾ ಇದ್ದೆ. ನಮ್ಮಾಕಿ ಆರತಿ ಮಾಡಿದ್ಲು. ನಿನ್ನ ಮಗ ಸುನೀಲ ಕಾಯಿ ಒಡದಾ."

"ಮತ್ತ ನನ್ನ ಸೊಸಿ? ಆಕಿ ಕುರ್ಚಿ ಇದು."

ಉತ್ತರ ಹೇಳಿದವಳು ಸುಧಾ.

"ನಾ ಹಿತ್ತಲದಾಗ ಇದ್ದೆ ಅತ್ತಿ. ಮಂಗಳಾರತಿ ಆಗೂತನಕ ಹೊರಗ ಇರವ್ವಾ ಅಂದ್ರು. ಹನ್ನೆರಡಕ್ಕ ಎದ್ದು ಹೋದಾಕಿ ಒಂದೂವರಿಗೆ ಬಂದೆ. ಚೀಲಾ ಹೊರೂ ಮಂದಿ ಎಲ್ಲಾ ನೋಡ್ಯಾರ."

ಅವಳು ಇದನ್ನು ಮನೆಯಲ್ಲಿ ನನಗೆ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ. ಎರಡು ವರ್ಷದಿಂದ ಪ್ರತಿ ಅಮಾವಾಸ್ಯೆಗೂ ಹಿತ್ತಲಲ್ಲಿ ನಿಂತಿದ್ದಾಳೆ.

"ನೋಡಪ್ಪಾ," ಎಂದೆ ಡಾಕಪ್ಪನಿಗೆ. "ಆಕಿ ಮಾರಿ ಕಂಡ್ರ ಯಂತ್ರ ಕೆಡತಾವ ಅಂತ ಹೊರಗ ಹಾಕಿದ್ರಿ. ಯಂತ್ರ ಕೆಡಸಿದಾಂವ ಒಳಗ ಇದ್ದ."

ಬಾಗಿಲಲ್ಲಿ ಬಳೆಯ ಸದ್ದಾಯಿತು. ಡಾಕಪ್ಪನ ಹೆಂಡತಿ ಮಂಗಳವ್ವ ತಟ್ಟೆಯಲ್ಲಿ ಚಹಾ ಹಿಡಿದು ಬಂದಿದ್ದಳು. ಅವರ ಮನೆ ಇದೇ ಕಾಂಪೌಂಡಿನಲ್ಲಿದೆ. ಎಲ್ಲರಿಗಿಂತ ಮೊದಲು ಸುಧಾಳ ಕೈಗೆ ಲೋಟ ಕೊಟ್ಟಳು. "ಕುಡಿಯವ್ವಾ, ಮುಂಜಾನಿಂದ ಏನೂ ತಗೊಂಡಿಲ್ಲ ನೀ," ಎಂದಳು. ಸುಧಾ ಲೋಟ ಹಿಡಿದು ಕೂತಳು, ಕುಡಿಯಲಿಲ್ಲ. ಮಂಗಳವ್ವನ ಹಿಂದೆ ನನ್ನ ಕಿರಿಮಗ ಸುನೀಲಕುಮಾರ ಬಂದ, ಕೈಗೆ ಮೋಟರಿನ ಎಣ್ಣೆ. ಕೋಣೆಗಳಿಗೆ ತಂಪು ಊದುವ ಮೋಟರು ಅವನ ಸುಪರ್ದು.

"ಅವ್ವಾ, ನಡಿ ಮನೀಗೆ. ಇವೆಲ್ಲಾ ನಿನಗ ತಿಳಿಯೂದಿಲ್ಲ."

"ತಿಳೀದ ಇದ್ರ ಇನ್ನಷ್ಟೊತ್ತು ನಿಂದ್ರತೇನಿ. ನೀ ಹೇಳು, ನಾಕು ದಿನಾ ಕ್ವಾಣಿ ಕುದೀತು, ನಿನ್ನ ಮೋಟರ್ ಏನ್ ಮಾಡಾಕತ್ತಿತ್ತು?"

"ಕಂಪ್ಯೂಟರ್ ಎಂಟರ ಮ್ಯಾಲ ತೋರಿಸಿದ್ರ ಚಾಲೂ ಮಾಡತೇನಿ. ಆರು ಅಂದ್ರ ಬಂದ್ ಇಡತೇನಿ. ಆರ ತೋರಸ್ತು."

"ನಾಕು ದಿನಾನೂ ಬಂದ್? ಸಂಶೇ ಬರಲಿಲ್ಲ?"

"ಮಂಗಳವಾರ ಒಂದು ತಾಸು ಚಾಲೂ ಮಾಡಿದ್ನಲ್ಲ. ಮಧ್ಯಾಹ್ನ ಒಂಬತ್ತು ತೋರಿಸಿತ್ತು."

ಒಂಬತ್ತು ಎಂಬ ಮಾತು ಕಿವಿಯಲ್ಲಿ ಸಿಕ್ಕಿಹಾಕಿಕೊಂಡಿತು.

ಮಂಗಳವಾರ ಮಧ್ಯಾಹ್ನ ತಂಪು ಕೋಣೆ ಒಮ್ಮೆಲೇ ಒಂಬತ್ತಕ್ಕೆ ಏರಬೇಕಾದರೆ ಬಾಗಿಲು ತೆರೆದಿರಬೇಕು. ಸುಧಾಳ ಸಹಿಗೆ ಇಟ್ಟ ಕಾಗದವನ್ನು ಡಾಕಪ್ಪ ಬೆಳಿಗ್ಗೆ ನನ್ನ ಮುಂದೆಯೇ ಓದಿ ಹೇಳಿದ್ದ, ಸೋಮವಾರದಿಂದ ಶುಕ್ರವಾರದವರೆಗೆ ಬಾಗಿಲನ್ನು ಯಾರೂ ತೆರೆದಿಲ್ಲ ಎಂದು.

ಆದರೆ ಅದರ ಹಿಂದಿನ ಮಂಗಳವಾರ ತೆರೆದಿತ್ತು. ತೆರೆಸಿದವರೇ ನಾವು. ಇಲಿ ಕಡಿದು ಚೀಲ ಹರಿದಿದ್ದವೆಂದು ಹನ್ನೆರಡು ಹೆಂಗಸರನ್ನು ದಬ್ಬಣ ಕೊಟ್ಟು ಒಳಗೆ ಕಳಿಸಿದ್ದರು. ಹೊಲಿಯುವಾಗ ನಮ್ಮ ಗುತ್ತೆವ್ವನ ಹಲ್ಲು ಕಟಕಟಿಸಿದ ಸದ್ದು ಅಗಡಿ ಊರಿನವರೆಗೆ ಕೇಳಿಸಿರಬೇಕು. ತಡೆಯಲಾರದೆ ಬಾಗಿಲು ತೆರೆದಿಟ್ಟೇ ಹೊಲಿದೆವು, ಹನ್ನೆರಡರಿಂದ ಒಂದರವರೆಗೆ.

"ತಂಗಿ," ಎಂದೆ, "ಆ ಟವಲ್ಲಿನ ಮ್ಯಾಲ ಮಂಗಳವಾರ ಮಧ್ಯಾಹ್ನ ಏನ್ ಬರದೈತಿ ನೋಡು. ಆಮ್ಯಾಲ ಅದರ ಹಿಂದಿನ ವಾರದ ಮಂಗಳವಾರ ನೋಡು."

ಜ್ಯೋತಿ ಎರಡು ಸಾಲುಗಳನ್ನು ಪಕ್ಕಪಕ್ಕ ತಂದಳು. ನಾನು ಓದಲಿಲ್ಲ, ಆಕಾರ ನೋಡಿದೆ. ಅವಳಿಗಳನ್ನು ಗುರುತಿಸಲು ಓದು ಬೇಕಿಲ್ಲ.

"ಒಂದ," ಎಂದಳು ಜ್ಯೋತಿ. "ಒಂದೊಂದು ಅಂಕಿನೂ ಒಂದ. ಹಿಂದಿನ ವಾರದ ನಾಕು ದಿನದ ಅಂಕಿ ನಕಲ್ ಮಾಡಿ ಈ ಫೈಲಿನ್ಯಾಗ ತುಂಬ್ಯಾರ. ಶುಕ್ರವಾರ ಹನ್ನೆರಡು ನಲವತ್ತಕ್ಕ ಅಂಕಿ ಮುಗದಾವ. ಅದಕ್ಕ ಪೋರ್ಟಿನಿಂದ ಉತ್ತರ ಇಲ್ಲ ಅಂತ ಪರದೆ ಮ್ಯಾಲ ಎರರ್ ಬಂದೈತಿ."

"ಆ ಎರರ್ ನೋಡೇ ನಾ ಓಡಿಹೋಗಿ ಬಾಗಲಾ ತಗಸಿದ್ದು," ಎಂದಳು ಸುಧಾ.

ಹೌದು. ಬೂಷ್ಟನ್ನು ಮೊದಲು ಕಂಡವಳು ಅವಳು, ಕೂಗಿ ಹೇಳಿದವಳು ಅವಳು. ಕೂಗಿದವಳನ್ನೇ ಹಿಡಿದು ಕೂರಿಸಿದ್ದರು.

ಬ್ಯಾಟರಿ ಡಬ್ಬಿಯ ಕೂಗು ಜೋರಾಯಿತು. ಡಾಕಪ್ಪ ಗೋಡೆಯ ಸ್ವಿಚ್ಚಿನ ಕಡೆ ನಡೆದ.

"ಸಾಕು. ಮಷೀನ್ ಸುಟ್ಟೀತು. ಒಮ್ಮಿ ಬಂದ್ ಮಾಡಿ ಚಾಲೂ ಮಾಡೂಣು, ಎಲ್ಲಾ ಸರಿ ಹೊಕ್ಕೈತಿ."

"ಬಂದ್ ಮಾಡಬ್ಯಾಡ್ರಿ ಸರ್," ಎಂದಳು ಜ್ಯೋತಿ. "ಈ ಹೆಸರು ಇರೂದು ಮಷೀನ್ ಚಾಲೂ ಇರೂತನಕ ಅಷ್ಟ. ಬಂದ್ ಆತಂದ್ರ ಟವಲ್ ಮಾಯ."

ಅವನು ನಿಲ್ಲಲಿಲ್ಲ. ನಾನು ಅವನಿಗಿಂತ ಹತ್ತಿರವಿದ್ದೆ. ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ.

"ಸರಿ ಯಮ್ಮಾ."

"ಸರಿಯೂದಿಲ್ಲ."

"ನಾ ಇಲ್ಲಿ ಮ್ಯಾನೇಜರ್."

"ನಾ ಇಲ್ಲಿ ಮುದುಕಿ. ನೀ ನನ್ನ ಮುಟ್ಟಿದ್ರ ನಾ ಒದರೂದು ಗೇಟಿನ ಮಂದಿಗೆ ಕೇಳಸ್ತೈತಿ. ಅವರು ಮುಂಜಾನಿಂದ ಯಾರನ್ನ ಬಡೀಬೇಕು ಅಂತ ಕಾಯಾಕತ್ತಾರ. ಹೆಸರು ನೀ ಕೊಡ್ತೀಯೋ, ನಾ ಕೊಡ್ಲೋ?"

ಅವನ ಮುಖದಲ್ಲಿ ಬೆವರು ಹನಿಯಿತು, ಮೂರನೇ ಕೋಣೆಯ ಕಾಯಿಯ ಹಾಗೆ. ಆದರೆ ಬೆವರಿದ ಮಾತ್ರಕ್ಕೆ ಕಳ್ಳನೆನ್ನಲಾಗದು. ಗೇಟಿನ ಮಂದಿಯನ್ನು ನೆನೆದರೆ ನನಗೂ ಬೆವರು.

"ಹೆದರಿಕಿ ಹಾಕಬ್ಯಾಡ," ಎಂದ. "ನನಗ ಈ ಲಿನಕ್ಸ್ ಗಿನಕ್ಸ್ ಬರೂದಿಲ್ಲ. ಊರಿಗೆ ಗೊತ್ತೈತಿ."

"ಬರದಾಂವಗ ಬಂದ್ ಮಾಡಾಕ ಇಷ್ಟ ಅವಸರ ಯಾಕ?"

ಜ್ಯೋತಿ ಅಷ್ಟರಲ್ಲಿ ಪರದೆಯ ಫೋಟೋಗಳನ್ನು ಮೊಬೈಲಿನಲ್ಲಿ ಹೊಡೆದುಕೊಂಡಿದ್ದಳು. "ಆತು ಅಮ್ಮಾರ. ಇನ್ನೊಂದು ಉಳದೈತಿ. ಪೋರ್ಟಿನ ಜಾಗಾದಾಗ ಫೈಲ್ ಮಾಡಾಕ ಸುಧಾಕ್ಕಗ ಅಧಿಕಾರ ಇಲ್ಲ. ಆಕಿ ಹೆಸರಿಲೆ ಅಂಕಿ ನೋಡಬಹುದು, ಅಷ್ಟ. ಈ ಮಷೀನಿಗೆ ಯಜಮಾನನ ಅಧಿಕಾರ ಅಂತ ಒಂದು ಐತಿ. ಅದನ್ನ ಯಾರು ತಗೊಂಡ್ರು, ಯಾವ ಹೆಸರಿಲೆ ತಗೊಂಡ್ರು, ಮಷೀನ್ ಒಂದು ಕಡೆ ಬರಕೊಂಡಿರತೈತಿ."

"ಅಂದ್ರ ಹೆಸರು ಸಿಗತೈತಿ?"

"ಸಿಗತೈತ್ರಿ."

ನಾನು ಸುಧಾಳ ಕಡೆ ನೋಡಿದೆ. ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಲೋಟದ ಚಹಾ ಒಂದು ಗುಟುಕು ಕುಡಿದಳು. ಇನ್ನೊಂದು ನಿಮಿಷ ಅಷ್ಟೇ, ಎಂದುಕೊಂಡೆ. ಗಡಿಯಾರದಲ್ಲಿ ನಾಲ್ಕೂ ಕಾಲು.

ಜ್ಯೋತಿ ಕೀಲಿ ಒತ್ತಿದಳು. ಸಾಲುಗಳು ಓಡಿದವು. ನಿಂತವು.

ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಓದ ತಂಗಿ. ನಮಗಂತೂ ಕಣ್ಣಿಲ್ಲ, ನಿನಗ ಬಾಯಿಲ್ಲೇನು?"

"ಸೋಮವಾರ ಹನ್ನೆರಡು ಮೂವತ್ತೆಂಟು," ಎಂದು ಅವಳು ಪರದೆಗೇ ಹೇಳಿದಳು. "ಹೆಸರು ಚೇತನಕುಮಾರ."

ಬ್ಯಾಟರಿ ಡಬ್ಬಿ ಕೂಗುತ್ತಲೇ ಇತ್ತು.

ಎರಡು ವರ್ಷದ ಹಿಂದೆ ಮಣ್ಣು ಮಾಡಿದ ಮಗ ಅಮಾವಾಸ್ಯೆಯ ದಿನ ಕುರ್ಚಿಗೆ ಬಂದು ಕೂತನೆಂದು ಕಂಪ್ಯೂಟರು ಬರೆದುಕೊಂಡಿತ್ತು. ನಾನು ಮೊದಲು ಖುಷಿಪಟ್ಟೆ. ನಿಮಗೆ ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಖುಷಿಪಟ್ಟೆ.

"ಅವರ ಹೆಸರು ಯಾರೂ ತಗದಿಲ್ಲ," ಎಂದಳು ಜ್ಯೋತಿ. "ಈ ಮಷೀನ್ ಕೂಡಿಸುವಾಗ ನಾನ ಅವರಿಗೆ ಯಜಮಾನನ ಅಧಿಕಾರ ಕೊಟ್ಟಿದ್ದೆ. ಅದು ಹಂಗ ಉಳದೈತಿ. ಪಾಸ್‌ವರ್ಡ್ ಗೊತ್ತಿದ್ದಾರು ಯಾರು ಬೇಕಾದ್ರೂ ಆ ಹೆಸರಿಲೆ ಒಳಗ ಹೋಗಬಹುದು."

ಡಾಕಪ್ಪ ಬೆವರು ಒರೆಸಿಕೊಂಡ. ಆಮೇಲೆ ಬಹಳ ಸಾವಕಾಶವಾಗಿ ತಿರುಗಿ ಸುನೀಲನನ್ನು ನೋಡಿದ.

"ಅಣ್ಣನ ಪಾಸ್‌ವರ್ಡ್ ತಮ್ಮಗ ಗೊತ್ತಿರಬೇಕಲ್ಲೋ."

"ನನಗ ಗೊತ್ತಿಲ್ರಿ."

"ಪೂಜಿ ಹೊತ್ತಿನ್ಯಾಗ ಒಳಗ ಇದ್ದಾಂವ ನೀನ. ಮೋಟರ್ ಬಂದ್ ಇಟ್ಟಾಂವ ನೀನ."

"ಕಾಯಿ ಒಡದು ಮೋಟರಿಗೆ ನೀರು ಬಿಡಾಕ ಹೋದೆ ನಾ. ಅವ್ವಾ, ಹೇಳ ಇವರಿಗೆ."

ನಾನು ಏನು ಹೇಳಲಿ. ಸೋಮವಾರ ನಾನಿಲ್ಲಿ ಇರಲಿಲ್ಲ. ತಾಯಿಯ ಸಾಕ್ಷಿ ಯಾವ ಠಾಣೆಯಲ್ಲಿ ನಡೆಯುತ್ತದೆ.

ಡಾಕಪ್ಪ ಮೊಬೈಲು ತೆಗೆದ. "ಐದರತನಕ ಕಾಯೂದೇನು ಬ್ಯಾಡ. ಸುಧಾರಾಣಿದಲ್ಲ ತಪ್ಪು, ಇವಂದು. ಸಾಹೇಬರಿಗೆ ಹೇಳತೇನಿ, ಜೀಪ್ ಕಳಸ್ತಾರ."

ಸುನೀಲನ ಎಣ್ಣೆಗೈ ಬಾಗಿಲ ಚೌಕಟ್ಟು ಹಿಡಿದುಕೊಂಡಿತು.

ಆಗ ಸ್ಟೂಲು ಸರಿದ ಸದ್ದಾಯಿತು. ಸುಧಾ ಎದ್ದು ಬಂದಳು. ಲೋಟವನ್ನು ಮೇಜಿನ ಮೂಲೆಯಲ್ಲಿಟ್ಟಳು. ಇಡೀ ದಿನ ನೋಡದೆ ಇದ್ದ ಪೆನ್ನು ಎತ್ತಿಕೊಂಡು, ಕಾಗದ ಓದದೆ, ಕೆಳಗೆ ಸಹಿ ಹಾಕಿದಳು.

"ಸುಧಾ, ಏನ್ ಮಾಡಿದಿ?"

"ಬರಕೋರಿ," ಎಂದಳು ಡಾಕಪ್ಪನಿಗೆ. "ನನ್ನ ಗಂಡನ ಪಾಸ್‌ವರ್ಡ್ ನನಗ ಗೊತ್ತಿತ್ತು. ನಾನ ಮಾಡೇನಿ."

"ಸುಳ್ಳು," ಎಂದೆ. "ಹಿತ್ತಲದಾಗ ಇದ್ದಾಕಿ ಹೆಂಗ ಮಾಡ್ತಿ? ಮಂದಿ ನೋಡ್ಯಾರ."

ಅವಳು ನನ್ನ ಹತ್ತಿರ ಬಂದಳು. ಪಿಸುಮಾತಿನಲ್ಲಿ, ಲೆಕ್ಕದ ಪಾಠ ಹೇಳುವ ಹಾಗೆ ಹೇಳಿದಳು.

"ಮನ್ಯಾಗ ಉಳದ ಗಂಡಸು ಒಬ್ಬಾಂವ ಅತ್ತಿ. ಅವನ ಹೇಂತಿಗೆ ಏಳು ತಿಂಗಳು. ನಾ ಹೋದ್ರ ನಿಮಗ ಒಂದು ಹೊತ್ತಿನ ರೊಟ್ಟಿ ಬಡಿಯೂ ಕೈ ಕಡಿಮಿ ಆಕ್ಕೈತಿ, ಅಷ್ಟ."

"ವೈನಿ," ಎಂದ ಸುನೀಲ. "ನಾ ಮಾಡಿಲ್ಲ. ಖರೇನ ಮಾಡಿಲ್ಲ."

ಅವಳು ಅವನ ಕಡೆ ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ನಂಬದೆಯೇ ಸಹಿ ಹಾಕಿದ್ದಳು, ಅದೇ ನನ್ನನ್ನು ಹೆಚ್ಚು ಸುಟ್ಟಿತು. ಡಾಕಪ್ಪ ಕಾಗದದ ಕಡೆ ಕೈ ಚಾಚಿದ. ಮಂಗಳವ್ವ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸತೊಡಗಿದಳು. ಡಬ್ಬಿಯ ಕೂಗು ನಿಂತಿತು, ಪರದೆ ಕಪ್ಪಾಯಿತು.

ಇಲ್ಲಿಯವರೆಗೆ ನಾನು ಯಾರಿಗೂ ಹೇಳದ ಮಾತೊಂದಿದೆ. ಹೇಳಬಾರದೆಂದಲ್ಲ, ಅದು ಮಾತೆಂದೇ ನನಗೆ ಗೊತ್ತಿರಲಿಲ್ಲ.

ಚೇತನನ ಕೊನೆಯ ದಿನ. ಹಾವೇರಿಯ ಆಸ್ಪತ್ರೆಯಲ್ಲಿ ಮಂಚದ ಮೇಲಿದ್ದ. ಸುಧಾ ಔಷಧಿಯ ಸರದಿಯಲ್ಲಿ ನಿಂತಿದ್ದಳು, ಸುನೀಲ ರಕ್ತ ತರಲು ರಾಣೆಬೆನ್ನೂರಿಗೆ ಹೋಗಿದ್ದ. ಡಾಕಪ್ಪ ಮತ್ತು ಮಂಗಳವ್ವ, ಗಂಡ ಹೆಂಡತಿ ಇಬ್ಬರೂ ನೋಡಲು ಬಂದಿದ್ದರು. ಚೇತನ ಗುಳಿಗೆಯ ಪೊಟ್ಟಣ ಹರಿದು, ಅದರ ಮೇಲೆ ಏಳೆಂಟು ಅಕ್ಷರ ಬರೆದ. ಉಸಿರು ಸಾಲುತ್ತಿರಲಿಲ್ಲ. "ಅವ್ವಾ, ಇದನ್ನ ಸುಧಾಗ ಕೊಡು. ಕಂಪ್ಯೂಟರಿಗೆ ಬೇಕಾಕ್ಕೈತಿ," ಎಂದ.

ಅವರಿಬ್ಬರಲ್ಲಿ ಒಬ್ಬರು ಕೈ ಚಾಚಿದರು. "ಕೊಡ್ರಿ ಯಮ್ಮಾ, ನಾ ಆಕಿಗೆ ಮುಟ್ಟಸ್ತೇನಿ. ನಿಮಗ ಓದಾಕ ಬರೂದಿಲ್ಲ, ಎಲ್ಲೆರ ಕಳದೀರಿ." ನಾನು ಕೊಟ್ಟೆ. ಒಂದು ತಾಸಿನಲ್ಲಿ ಮಗ ಹೋದ. ಚೀಟಿಯನ್ನು ಯಾರು ಕೇಳುತ್ತಾರೆ. ಆ ಅಕ್ಷರಗಳೇ ಪಾಸ್‌ವರ್ಡೆಂದು, ಸುಧಾಳ ಕೈಗೆ ಅದು ಬರಲೇ ಇಲ್ಲವೆಂದು ಇವತ್ತು, ಅವಳು ಓದದೆ ಸಹಿ ಹಾಕಿದ ಮೇಲೆ, ನನಗೆ ಹೊಳೆಯಿತು. ಬಂದಿದ್ದರೆ ತಂದುಕೊಟ್ಟವರ ಹೆಸರು ಹೇಳುತ್ತಿದ್ದಳು, ಸುನೀಲನ ಮೇಲೆ ಸಂಶಯಪಡುತ್ತಿರಲಿಲ್ಲ.

ಆ ಚೀಟಿಯನ್ನು ಯಾವತ್ತೂ ನೋಡದ ಸುನೀಲನಿಗಾಗಿ ಅವಳು ಸಹಿ ಹಾಕಿದ್ದಳು.

ಮೋಟರು ಓಡದ ದಿನಗಳ ಕರೆಂಟಿನ ದುಡ್ಡು ಯಾರ ಮನೆ ಸೇರುತ್ತದೆಂದೂ ಈಗ ಹೊಳೆಯಿತು. ಚೀಟಿ ಮಡಚಿಕೊಂಡ ಕೈ ನನ್ನಿಂದ ಎರಡು ಮಾರು ದೂರದಲ್ಲಿತ್ತು. ನಾನು ಅದನ್ನು ನೋಡಿದೆ. ಕೈಯವರು ತಲೆಯೆತ್ತಿ ನನ್ನನ್ನು ನೋಡಿದರು, ಇಷ್ಟೇ ಇಷ್ಟು ತಲೆ ಅಲ್ಲಾಡಿಸಿದರು, ಬೇಡ ಎನ್ನುವ ಹಾಗೆ. ಓದು ಬಾರದ ಮುದುಕಿ, ಸತ್ತ ಮಗನೊಬ್ಬನೇ ಸಾಕ್ಷಿ, ಮೇಜಿನ ಮೇಲೆ ಸಹಿ ಒಣಗುತ್ತಿದೆ. ನಾನು ಬಾಯಿ ತೆರೆದೆ.

ಯಾವ ಹೆಸರು ಹೇಳಿದೆ ಎಂದು ನಾನು ಹೇಳುವುದಿಲ್ಲ. ಇಷ್ಟು ಹೊತ್ತು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದೀರಲ್ಲ, ಈಗ ನೀವು ಹೇಳಿ. ಚೀಟಿಗೆ ಚಾಚಿದ ಆ ಕೈಯಲ್ಲಿ ವಾಚು ಇತ್ತೋ, ಬಳೆ ಇತ್ತೋ?